ಕೇಳಿ ನೋಡಿ: ಏಜ್ ಆಫ್ ಎಂಪೈರ್ಸ್ ಆಡುವವರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಏಜ್ ಆಫ್ ಎಂಪೈರ್ಸ್ (ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟ) ಸರಣಿಯವು, ಅದರಲ್ಲೂ ಎರಡನೇ ಆಟದವು. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಕೆಳಗಿನ ಲೆಕ್ಕಗಳು 2019ರ ಡೆಫಿನಿಟಿವ್ ಎಡಿಷನ್‌ನ (ಹಳೆಯ ಆಟದ ಸುಧಾರಿಸಿದ ಆವೃತ್ತಿ) ಸಾಮಾನ್ಯ ರ್‍ಯಾಂಡಮ್ ಮ್ಯಾಪ್ ಆಟಕ್ಕೆ, ಅಂದರೆ ಪ್ರತಿ ಸಲ ಹೊಸ ನಕ್ಷೆಯಲ್ಲಿ ಆಡುವ ಆಟಕ್ಕೆ ಸೇರಿದವು. ಯಾವ ನಾಗರಿಕತೆಯ ಬೋನಸ್ಸನ್ನೂ ಸೇರಿಸಿಲ್ಲ. ಸಮಯ ಅಂದಲ್ಲೆಲ್ಲ ಆಟದೊಳಗಿನ ಗಡಿಯಾರ ಅಂತಲೇ ಅರ್ಥ. ಪ್ಯಾಚ್ ಬಂದಾಗ ಅಲ್ಲೊಂದು ಇಲ್ಲೊಂದು ಅಂಕಿ ಬದಲಾಗುವುದುಂಟು, ಲೆಕ್ಕ ಹಾಕುವ ಕ್ರಮ ಮಾತ್ರ ಅದೇ.

ಪ್ರಶ್ನೆ: ಈ ಸರಣಿಯಲ್ಲಿ ನಾಲ್ಕು ಆಟ ಇವೆಯಂತೆ. ಹೊಸಬರು ಯಾವುದರಿಂದ ಶುರು ಮಾಡಬೇಕು? ಒಂದರಿಂದಲೇ ಕ್ರಮವಾಗಿ ಬರಬೇಕೇ?

ಕ್ರಮವಾಗಿ ಬರುವ ಅಗತ್ಯ ಇಲ್ಲ, ಕಥೆ ಮುಂದುವರಿಯುವ ಸರಣಿ ಇದಲ್ಲ. 1997ರ ಮೊದಲ ಆಟ ಶಿಲಾಯುಗದಿಂದ ಪ್ರಾಚೀನ ಸಾಮ್ರಾಜ್ಯಗಳವರೆಗಿನದು. ಇವತ್ತು ಆಡಿದರೆ ಸೈನಿಕರು ದಾರಿ ಹುಡುಕುವ ರೀತಿ ನೋಡಿಯೇ ಸುಸ್ತಾಗುತ್ತದೆ. 1999ರ ಎರಡನೆಯದು ಮಧ್ಯಯುಗದ್ದು, ಮರುವರ್ಷವೇ ಅದಕ್ಕೆ ದಿ ಕಾಂಕರರ್ಸ್ ವಿಸ್ತರಣೆ ಬಂತು. 2005ರ ಮೂರನೆಯದು ಬಂದೂಕು, ವಸಾಹತುಗಳ ಕಾಲದ್ದು. ಅದರಲ್ಲಿ ತಾಯ್ನಾಡಿನಿಂದ ಕಾರ್ಡ್ ಮೂಲಕ ಸರಕು ತರಿಸಿಕೊಳ್ಳುವ ಬೇರೆಯೇ ಪದ್ಧತಿ. 2021ರ ನಾಲ್ಕನೆಯದು ಮತ್ತೆ ಮಧ್ಯಯುಗಕ್ಕೆ ಮರಳಿತು, ಆದರೆ ಒಂದೊಂದು ನಾಗರಿಕತೆಯನ್ನೂ ಹೊಸದಾಗಿ ಕಲಿಯಬೇಕು. ಎರಡನೆಯದರಲ್ಲಿ ಆ ತಾಪತ್ರಯ ಕಡಿಮೆ. ಒಂದು ನಾಗರಿಕತೆ ಕಲಿತರೆ ಉಳಿದವುಗಳ ಮುಕ್ಕಾಲು ಪಾಲು ಬಂದಂತೆಯೇ. ನಮ್ಮ ಮತ ಎರಡನೆಯದರ ಡೆಫಿನಿಟಿವ್ ಎಡಿಷನ್‌ಗೆ. ಅದರಲ್ಲಿ ಆರ್ಟ್ ಆಫ್ ವಾರ್ ಅನ್ನುವ ಅಭ್ಯಾಸ ಪಾಠಗಳಿವೆ, ಪ್ರತಿಯೊಂದಕ್ಕೂ ಚಿನ್ನ, ಬೆಳ್ಳಿ, ಕಂಚಿನ ಪದಕ ಕೊಡುತ್ತಾರೆ. ಆರಂಭದ ಆರ್ಥಿಕತೆಯ ಪಾಠದಲ್ಲಿ ಬೆಳ್ಳಿ ಬರುವ ತನಕ ಆನ್‌ಲೈನ್ ಆಟಕ್ಕೆ ಇಳಿಯದಿರುವುದೇ ಮನಸ್ಸಿಗೆ ಒಳ್ಳೆಯದು.

ಪ್ರಶ್ನೆ: ನಾನು 21 ವಿಲೇಜರ್ ಆದ ಮೇಲೆ ಫ್ಯೂಡಲ್ ಏಜ್‌ಗೆ ಒತ್ತುತ್ತೇನೆ. ಆದರೂ ಫ್ಯೂಡಲ್ ತಲುಪುವಾಗ 14 ನಿಮಿಷ ದಾಟಿರುತ್ತದೆ. ಬೇರೆಯವರು 10 ನಿಮಿಷಕ್ಕೇ ತಲುಪುತ್ತಾರೆ. ಎಲ್ಲಿ ತಪ್ಪುತ್ತಿದೆ?

ಆಟದಲ್ಲಿ ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಅಂತ ನಾಲ್ಕು ಯುಗ, ಒಂದೊಂದಾಗಿ ಏರಬೇಕು; ವಿಲೇಜರ್ ಅಂದರೆ ದುಡಿಯುವ ಊರಿನವನು. 10 ನಿಮಿಷ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಒಬ್ಬ ವಿಲೇಜರ್‌ಗೆ 50 ಆಹಾರ, 25 ಸೆಕೆಂಡ್. ಶುರುವಿನಲ್ಲೇ 3 ಜನ ಇರುವುದರಿಂದ ಇನ್ನು 18 ಜನ ಬೇಕು, ಅಂದರೆ 450 ಸೆಕೆಂಡ್. ಲೂಮ್‌ಗೆ (ವಿಲೇಜರ್‌ಗಳನ್ನು ಗಟ್ಟಿ ಮಾಡುವ ಸುಧಾರಣೆ) 25 ಸೆಕೆಂಡ್, ಫ್ಯೂಡಲ್‌ಗೆ ಏರಲು 130 ಸೆಕೆಂಡ್. ಒಟ್ಟು 605, ಅಂದರೆ 10 ನಿಮಿಷ 5 ಸೆಕೆಂಡ್. ಇದರಲ್ಲಿ ಕೈಚಳಕ ಏನೂ ಇಲ್ಲ. ಇದೆಲ್ಲ ನಡೆಯುವ ಮುಖ್ಯ ಕಟ್ಟಡ ಟೌನ್ ಸೆಂಟರ್ ಖಾಲಿ ಕೂರದಿದ್ದರೆ ಯಾರಿಗಾದರೂ ಬರುವ ಉತ್ತರವೇ ಇದು. ನಿಮ್ಮ ಆಟದಲ್ಲಿ ಅದು ಅಲ್ಲಲ್ಲಿ ಸೇರಿ ಸುಮಾರು 4 ನಿಮಿಷ ಸುಮ್ಮನೆ ನಿಂತಿದೆ. ಆ ಹೊತ್ತಿನಲ್ಲಿ ಇನ್ನೂ 9 ಜನ ಹುಟ್ಟಬಹುದಿತ್ತು.

ಸುಮ್ಮನೆ ನಿಲ್ಲುವುದಕ್ಕೆ ಮೂರೇ ಕಾರಣ: ಆಹಾರ ಮುಗಿದಿರುತ್ತದೆ, ಮನೆ ಇರುವುದಿಲ್ಲ, ಅಥವಾ ನಿಮ್ಮ ಕಣ್ಣು ಬೇರೆಲ್ಲೋ ಇರುತ್ತದೆ.

ಮೊದಲು ಮನೆಯ ವಿಷಯ. ಆಟ ಶುರುವಾಗುವಾಗ ಜನಸಂಖ್ಯೆ 4 (ಮೂವರು ವಿಲೇಜರ್, ಸುತ್ತ ನೋಡಿ ಬರುವ ಕುದುರೆ ಸವಾರ ಸ್ಕೌಟ್ ಒಬ್ಬ), ಮಿತಿ 5. ಅಂದರೆ ಒಬ್ಬನಿಗೆ ಮಾತ್ರ ಜಾಗ. ಆದ್ದರಿಂದ ಮೊದಲ ಸೆಕೆಂಡಿನಲ್ಲೇ ಎರಡು ಕೆಲಸ: ಕೈಯಲ್ಲಿರುವ 200 ಆಹಾರಕ್ಕೆ 4 ವಿಲೇಜರ್‌ಗಳನ್ನು ಸಾಲಿಗೆ ಹಾಕಿ, ಇರುವ ಮೂವರಲ್ಲಿ ಇಬ್ಬರಿಂದ ಒಂದು ಮನೆ, ಮೂರನೆಯವನಿಂದ ಇನ್ನೊಂದು ಮನೆ ಕಟ್ಟಿಸಿ. ಒಂದು ಮನೆಗೆ 25 ಮರ, 5 ಜನಕ್ಕೆ ಜಾಗ. ಅಲ್ಲಿಂದ ಮುಂದೆ ಮಿತಿಗೆ ಇನ್ನು ಇಬ್ಬರು ಬಾಕಿ ಇರುವಾಗಲೇ ಮುಂದಿನ ಮನೆ ಶುರುವಾಗಿರಬೇಕು. ಮಿತಿ ತುಂಬಿದ ಮೇಲೆ ಶುರು ಮಾಡಿದರೆ ಮನೆ ಏಳುವಷ್ಟು ಹೊತ್ತೂ ನಷ್ಟ.

ಆಹಾರದ ಲೆಕ್ಕ ಇನ್ನೂ ಸರಳ. 25 ಸೆಕೆಂಡಿಗೆ 50 ಅಂದರೆ ಟೌನ್ ಸೆಂಟರ್‌ಗೆ ಸೆಕೆಂಡಿಗೆ 2 ಆಹಾರ ಬೇಕು. ಕುರಿ ಕಡಿಯುವವನು ಸೆಕೆಂಡಿಗೆ ಸುಮಾರು 0.33 ತರುತ್ತಾನೆ. ಆರು ಜನ ಸೇರಿದರೆ 2. ‘ಮೊದಲ ಆರು ಜನ ಕುರಿಗೆ’ ಅನ್ನುವ ನಿಯಮ ಹುಟ್ಟಿದ್ದು ಇಲ್ಲಿಂದ. ಐವರನ್ನು ಇಟ್ಟರೆ ಸ್ವಲ್ಪ ಹೊತ್ತಿಗೆ ಆಹಾರ ಸೊನ್ನೆಗೆ ಬರುತ್ತದೆ. ಹತ್ತು ಜನ ಇಟ್ಟರೆ ಆಹಾರ ಬಿದ್ದಿರುತ್ತದೆ, ಲಂಬರ್ ಕ್ಯಾಂಪಿಗೆ (ಕಡಿದ ಮರ ಇಳಿಸುವ ಕಟ್ಟಡ) ಮರ ಇರುವುದಿಲ್ಲ. ಕುರಿಯನ್ನು ಟೌನ್ ಸೆಂಟರ್‌ನ ಗೋಡೆಗೆ ತಾಗುವಷ್ಟು ಹತ್ತಿರ ತಂದೇ ಕಡಿಸಿ. ನಾಲ್ಕು ಹೆಜ್ಜೆ ದೂರ ಬಿದ್ದ ಕುರಿಗೆ ಹೊತ್ತು ತರುವುದರಲ್ಲೇ ಲೆಕ್ಕ ಕೆಡುತ್ತದೆ. ಒಂದು ಮುಗಿದ ಮೇಲೇ ಇನ್ನೊಂದು. ನಾಲ್ಕನ್ನೂ ಒಟ್ಟಿಗೆ ಕೊಂದರೆ ಮಾಂಸ ಕೊಳೆತು ಹೋಗುತ್ತದೆ.

ಹೊಸಬರಿಗೆ ಒಗ್ಗುವ ಹಂಚಿಕೆ ಹೀಗಿದೆ. 6ನೆಯವನ ತನಕ ಕುರಿಗೆ. 7ರಿಂದ 10 ಮರಕ್ಕೆ, ಇವರಲ್ಲಿ ಮೊದಲನೆಯವನು ಲಂಬರ್ ಕ್ಯಾಂಪ್ ಕಟ್ಟಲಿ (100 ಮರ), ಅದು ಮರಗಳಿಗೆ ಒತ್ತಿಕೊಂಡೇ ಇರಲಿ. 11ನೆಯವನು ಕಾಡುಹಂದಿ ತರಲು. 12ರಿಂದ 15 ಹಣ್ಣಿನ ಪೊದೆಗೆ. ಮೊದಲನೆಯವನು ದಾರಿಯಲ್ಲಿ ಒಂದು ಮನೆ, ಆಮೇಲೆ ಪೊದೆಯ ಪಕ್ಕ ಮಿಲ್ (100 ಮರ) ಕಟ್ಟಲಿ. 16 ಮತ್ತು 17 ಮತ್ತೆ ಟೌನ್ ಸೆಂಟರ್ ಕೆಳಗಿನ ಹಂದಿ, ಕುರಿಗಳಿಗೆ. 18ರಿಂದ 21 ಮರಕ್ಕೆ, ಬೇರೆ ಕಡೆ ಎರಡನೇ ಲಂಬರ್ ಕ್ಯಾಂಪ್ ಹಾಕಿ. ಆಮೇಲೆ ಲೂಮ್ (50 ಚಿನ್ನ), 500 ಆಹಾರ ಆಗುತ್ತಿದ್ದಂತೆ ಫ್ಯೂಡಲ್. ಡಾರ್ಕ್ ಏಜ್‌ನ ಎರಡು ಬಗೆಯ ಕಟ್ಟಡ ಇರಬೇಕು ಅನ್ನುವ ಷರತ್ತಿಗೆ ಮಿಲ್ ಮತ್ತು ಲಂಬರ್ ಕ್ಯಾಂಪ್ ಸಾಕು. ಏರುತ್ತಿರುವ 130 ಸೆಕೆಂಡ್‌ಗಳಲ್ಲಿ ಟೌನ್ ಸೆಂಟರ್ ಹೇಗೂ ಕಟ್ಟಿಹಾಕಿದಂತೆ. ಆ ಹೊತ್ತಿಗೆ ಕುರಿಯ ಕಡೆಯಿಂದ ಇಬ್ಬರು ಮೂವರನ್ನು ಮರಕ್ಕೆ ದಾಟಿಸಿ, 175 ಮರಕ್ಕೆ ಬ್ಯಾರಕ್ಸ್ ಎಬ್ಬಿಸಿ.

ಒಟ್ಟು ಆಹಾರ ಸಾಲುತ್ತದೆಯೇ? 18 ಜನಕ್ಕೆ 900, ಫ್ಯೂಡಲ್‌ಗೆ 500, ಸೇರಿ 1400. ಅದರಲ್ಲಿ 200 ಮೊದಲೇ ಕೈಯಲ್ಲಿದೆ. ಉಳಿದ 1200ಕ್ಕೆ ತಲಾ 100ರ ಎಂಟು ಕುರಿ, ತಲಾ 340ರ ಎರಡು ಹಂದಿ, ತಲಾ 125ರ ಹಣ್ಣಿನ ಪೊದೆಗಳು ಇವೆ. ಸಾಲದೆ ಹೋದರೆ ಸ್ಕೌಟ್ ಕುರಿ ಹುಡುಕಿಲ್ಲ ಅಂತಲೇ ಅರ್ಥ. ಸ್ಕೌಟನ್ನು ಶತ್ರುವಿನ ಊರಿಗೆ ಓಡಿಸುವ ಮೊದಲು ನಿಮ್ಮ ಟೌನ್ ಸೆಂಟರ್ ಸುತ್ತ ಎರಡು ಸುತ್ತು ಹಾಕಿಸಿ.

ಪ್ರಶ್ನೆ: ಕಾಡುಹಂದಿ ತರಲು ಹೋದ ವಿಲೇಜರ್ ಪ್ರತಿ ಸಲ ಸಾಯುತ್ತಾನೆ. ಹಂದಿಯನ್ನು ಬಿಟ್ಟೇ ಆಡಬಹುದೇ?

ಆಡಬಹುದು, ಆದರೆ ಎರಡು ಹಂದಿ ಅಂದರೆ 680 ಆಹಾರ, ಸುಮಾರು ನಾಲ್ಕು ಹೊಲದ ಬೆಳೆ, ಒಂದು ತುಂಡು ಮರದ ಖರ್ಚಿಲ್ಲದೆ. ಮೇಲಾಗಿ ಹಂದಿಯ ಮಾಂಸ ಸೆಕೆಂಡಿಗೆ ಸುಮಾರು 0.41ರಂತೆ ಬರುತ್ತದೆ, ಕುರಿಗಿಂತ ವೇಗ. ಬಿಡುವ ಮಾತೇ ಬೇಡ.

ವಿಲೇಜರ್‌ಗೆ 25 ಎಚ್‌ಪಿ (ಪ್ರಾಣಬಲದ ಅಂಕ). ಹಂದಿಯ ಒಂದು ತಿವಿತ 7. ನಾಲ್ಕನೇ ತಿವಿತಕ್ಕೆ ಆಸಾಮಿ ಮುಗಿದ. ಲೂಮ್ ಆಗಿದ್ದರೆ 40 ಎಚ್‌ಪಿ, ಆರ್ಮರ್ (ಏಟು ತಗ್ಗಿಸುವ ಕವಚ) 1 ಸೇರಿ ತಿವಿತ 6ಕ್ಕೆ ಇಳಿಯುತ್ತದೆ. ಆರು ತಿವಿತ ತಡೆಯುತ್ತಾನೆ, ಏಳನೆಯದಕ್ಕೆ ಬೀಳುತ್ತಾನೆ. ಕೈ ಪಳಗುವ ತನಕ ಲೂಮನ್ನು ಮೊದಲೇ ಮಾಡಿಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ, ಆ 25 ಸೆಕೆಂಡ್ ಯಾವಾಗಲಾದರೂ ಕೊಡಲೇಬೇಕಾದದ್ದು.

ಮಾಡುವ ಬಗೆ: ಹಂದಿಯ ಹತ್ತಿರ ಹೋಗಿ ಎರಡು ಬಾಣ ಬಿಡಲಿ, ಎರಡನೆಯದು ಕೈಬಿಟ್ಟ ಕೂಡಲೇ ಟೌನ್ ಸೆಂಟರ್ ಕಡೆಗೆ ಓಡಿಸಿ. ಬಹಳ ಜನ ಎಡವುವುದು ಇಲ್ಲೇ. ‘ಇನ್ನೊಂದು ಬಾಣ’ ಅಂತ ನಿಂತರೆ ಹಂದಿ ಮೈಮೇಲೆ ಬರುತ್ತದೆ, ಅದು ವಿಲೇಜರ್‌ಗಿಂತ ವೇಗದ ಪ್ರಾಣಿ. ಬರುವ ದಾರಿಯಲ್ಲಿ ಮರ, ಮನೆ ಅಡ್ಡ ಇರದಂತೆ ನೋಡಿಕೊಳ್ಳಿ. ಟೌನ್ ಸೆಂಟರ್ ಕೆಳಗೆ ತಲುಪುವ ಹೊತ್ತಿಗೆ ಕುರಿ ಕಡಿಯುತ್ತಿರುವ ಐದಾರು ಜನರನ್ನು ಹಂದಿಯ ಮೇಲೆ ಬಿಡಿ. ಓಡಿ ಬಂದವನ ಎಚ್‌ಪಿ ತೀರಾ ಇಳಿದಿದ್ದರೆ ಅವನೊಬ್ಬನನ್ನು ಒಳಗೆ ಸೇರಿಸಿ. ಆದರೆ ಹಂದಿ ಇನ್ನೂ ದೂರ ಇರುವಾಗಲೇ ಒಳಗೆ ಹೋದರೆ ಅದು ತಿರುಗಿ ಕಾಡಿಗೆ ಹೋಗಿಬಿಡುತ್ತದೆ, ಮತ್ತೆ ಮೊದಲಿಂದ.

ಸತ್ತ ಹಂದಿ ಕೊಳೆಯುತ್ತಲೇ ಇರುವುದರಿಂದ ಏಳೆಂಟು ಜನ ಅದರ ಮೇಲಿರಬೇಕು. ಮೊದಲ ಹಂದಿಯಲ್ಲಿ ಸುಮಾರು 150 ಉಳಿದಾಗ ಎರಡನೆಯದಕ್ಕೆ ಒಬ್ಬನನ್ನು ಕಳಿಸಿ. ಎಚ್‌ಪಿ ಪೂರ್ತಿ ಇರುವ ಬೇರೆಯವನು ಹೋಗಲಿ, ಮೊದಲ ಸಲ ತಿವಿಸಿಕೊಂಡವನಲ್ಲ.

ಪ್ರಶ್ನೆ: ಫ್ಯೂಡಲ್, ಕ್ಯಾಸಲ್ ಏಜ್‌ಗೆ ಬಂದ ಮೇಲೆ ಎಷ್ಟು ಹೊಲ, ಎಷ್ಟು ಚಿನ್ನದವರು ಬೇಕು ಅಂತ ಗೊತ್ತಾಗುವುದಿಲ್ಲ. ಯಾವಾಗಲೂ ಒಂದು ಹೆಚ್ಚು, ಇನ್ನೊಂದು ಕಡಿಮೆ.

ಖರ್ಚಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಹೊಲದಲ್ಲಿ ಒಬ್ಬ ಸೆಕೆಂಡಿಗೆ ಹೆಚ್ಚುಕಡಿಮೆ 0.3 ಆಹಾರ ತರುತ್ತಾನೆ ಅಂತ ಇಟ್ಟುಕೊಳ್ಳಿ. ಒಂದು ಟೌನ್ ಸೆಂಟರ್ ನಡೆಯಲು 7 ಹೊಲ. ಒಂದು ಸ್ಟೇಬಲ್‌ನಿಂದ (ಕುದುರೆ ಸೈನಿಕರ ಕಟ್ಟಡ) ನೈಟ್ (ಭಾರಿ ಕುದುರೆ ಸವಾರ) ಬಿಡುವು ಇಲ್ಲದೆ ಬರಬೇಕಾದರೆ 30 ಸೆಕೆಂಡಿಗೆ 60 ಆಹಾರ, 75 ಚಿನ್ನ. ಅಂದರೆ ಇನ್ನೂ 7 ಹೊಲ, ಮತ್ತು ಒಬ್ಬ 0.38ರಂತೆ ಅಗೆದರೆ ಚಿನ್ನಕ್ಕೆ 7 ಜನ. ಎರಡು ಸ್ಟೇಬಲ್, ಒಂದು ಟೌನ್ ಸೆಂಟರ್ ಅಂದರೆ 21 ಹೊಲ, 14 ಚಿನ್ನದವರು. ಹೊಲಕ್ಕೆ ತಲಾ 60 ಮರ, 21 ಹೊಲಕ್ಕೆ 1260. ಮರದ ಕಡೆ ಹತ್ತು ಹನ್ನೆರಡು ಜನ ಇಲ್ಲದೆ ಇದು ಆಗುವುದಿಲ್ಲ. ಹಾಗಾಗಿಯೇ ಫ್ಯೂಡಲ್ ತಲುಪಿದ ಕೂಡಲೇ ಮೊದಲ ಖರ್ಚು ಡಬಲ್-ಬಿಟ್ ಆ್ಯಕ್ಸ್‌ಗೆ (100 ಆಹಾರ, 50 ಮರ, ಮರ ಕಡಿಯುವ ವೇಗ ಶೇ. 20 ಹೆಚ್ಚು), ಆಮೇಲೆ ಹಾರ್ಸ್ ಕಾಲರ್‌ಗೆ (75 ಆಹಾರ, 75 ಮರ, ಹೊಲದ ಇಳುವರಿ 175ರಿಂದ 250).

ಎಲ್ಲವನ್ನೂ ಒಟ್ಟಿಗೆ ಬಯಸಿದಾಗಲೇ ತೊಂದರೆ. ಫ್ಯೂಡಲ್‌ನಲ್ಲಿ ಬಿಲ್ಲುಗಾರರು, ಕುದುರೆ, ಗೋಪುರ ಮೂರನ್ನೂ ಶುರು ಮಾಡಿ ಯಾವುದನ್ನೂ ಪೂರ್ತಿ ನಡೆಸಲಾಗದವರೇ ಹೆಚ್ಚು. ಒಂದು ಕಟ್ಟಡವನ್ನು ಬಿಡುವಿಲ್ಲದೆ ನಡೆಸುವಷ್ಟು ಆದಾಯ ಬಂದ ಮೇಲೆ ಎರಡನೆಯದು. ಹೊಲ ಮುಗಿದಾಗ ಮತ್ತೆ ಬಿತ್ತುವ ಕೆಲಸಕ್ಕೆ ಮಿಲ್‌ನಲ್ಲಿ ಸ್ವಯಂಚಾಲಿತ ಗುಂಡಿ ಇದೆ, ಅದನ್ನು ಒತ್ತಿಡಿ.

ಪ್ರಶ್ನೆ: ಮೌಸ್ ಒಂದರಲ್ಲೇ ಆಡುತ್ತೇನೆ. ಕನಿಷ್ಠ ಯಾವ ಕೀಗಳನ್ನು ಕಲಿಯಬೇಕು?

ಎಚ್ (ಟೌನ್ ಸೆಂಟರ್‌ಗೆ ಹಾರಲು), ಪೂರ್ಣವಿರಾಮದ ಚುಕ್ಕಿ (ಕೆಲಸವಿಲ್ಲದೆ ನಿಂತ ವಿಲೇಜರ್‌ಗೆ), ಕಂಟ್ರೋಲ್ ಜೊತೆ ಅಂಕಿ (ಸೈನ್ಯವನ್ನು ಗುಂಪು ಮಾಡಲು), ಶಿಫ್ಟ್ (ಒಂದರ ಹಿಂದೆ ಒಂದು ಕೆಲಸ ಹೇಳಿಡಲು). ಈ ನಾಲ್ಕು ಸಾಕು. ಶಿಫ್ಟ್‌ನ ಬೆಲೆ ಬಹಳ ಜನಕ್ಕೆ ಗೊತ್ತಿಲ್ಲ: ಮನೆ ಕಟ್ಟಲು ಹೇಳಿ, ಶಿಫ್ಟ್ ಹಿಡಿದು ಮರದ ಮೇಲೆ ಬಲಗುಂಡಿ ಒತ್ತಿದರೆ ಮನೆ ಮುಗಿದ ಮೇಲೆ ಅವನೇ ಮರಕ್ಕೆ ಹೋಗುತ್ತಾನೆ.

ಪ್ರಶ್ನೆ: ಈಟಿಯವರು ಕುದುರೆಗೆ ಮದ್ದು ಅಂತ ಎಲ್ಲರೂ ಹೇಳುತ್ತಾರೆ. ನನ್ನ 8 ಸ್ಪಿಯರ್‌ಮನ್‌ಗಳನ್ನು ಶತ್ರುವಿನ 6 ನೈಟ್‌ಗಳು ಸೀಳಿ ಹಾಕಿದವು. ಮದ್ದು ಅಂದರೆ ಇದೇನಾ?

ಮದ್ದು ಹೌದು, ಆದರೆ ಒಂದಕ್ಕೊಂದು ಲೆಕ್ಕದಲ್ಲಿ ಅಲ್ಲ. ಬ್ಲ್ಯಾಕ್‌ಸ್ಮಿತ್‌ನ (ಆಯುಧ, ಕವಚ ಹದಗೊಳಿಸುವ ಕಟ್ಟಡ) ಸುಧಾರಣೆ ಯಾವ ಕಡೆಯೂ ಇಲ್ಲ ಅಂದುಕೊಂಡು ಒಂದು ಜೋಡಿಯನ್ನು ಬಿಡಿಸಿ ನೋಡೋಣ.

ಈ ಆಟದಲ್ಲಿ ಹೊಡೆತದ ಸೂತ್ರ: ದಾಳಿಯಿಂದ ಎದುರಾಳಿಯ ಆರ್ಮರ್ ಕಳೆಯಿರಿ, ಆ ವರ್ಗದ ವಿರುದ್ಧದ ಬೋನಸ್ ಕೂಡಿಸಿ, ಎಷ್ಟೇ ಕಡಿಮೆ ಬಂದರೂ 1 ಖಾತ್ರಿ. ಸ್ಪಿಯರ್‌ಮನ್‌ನ ದಾಳಿ 3, ಕುದುರೆಯ ಮೇಲೆ ಬೋನಸ್ 15. ನೈಟ್‌ನ ಆರ್ಮರ್ 2. ಒಂದು ತಿವಿತಕ್ಕೆ 16. ನೈಟ್‌ಗೆ 100 ಎಚ್‌ಪಿ, ಕೊಲ್ಲಲು 7 ತಿವಿತ ಬೇಕು, ತಿವಿತಕ್ಕೂ ತಿವಿತಕ್ಕೂ ನಡುವೆ ಸುಮಾರು 3 ಸೆಕೆಂಡ್. ಅತ್ತ ನೈಟ್‌ನ ದಾಳಿ 10, ಸ್ಪಿಯರ್‌ಮನ್‌ಗೆ ಆರ್ಮರ್ ಸೊನ್ನೆ, 45 ಎಚ್‌ಪಿ. ಐದೇ ಏಟು, ಅದೂ 1.8 ಸೆಕೆಂಡಿಗೊಂದು. ಮೊದಲ ಏಟು ಇಬ್ಬರದೂ ಒಟ್ಟಿಗೆ ಬಿದ್ದರೂ ಏಳೂಕಾಲು ಸೆಕೆಂಡಿಗೆ ಸ್ಪಿಯರ್‌ಮನ್ ನೆಲ ಕಚ್ಚುತ್ತಾನೆ, ನೈಟ್‌ಗೆ ಆಗ 52 ಎಚ್‌ಪಿ ಉಳಿದಿರುತ್ತದೆ. ಒಬ್ಬೊಬ್ಬರ ಕಾಳಗದಲ್ಲಿ ನೈಟ್ ಸಲೀಸಾಗಿ ಗೆಲ್ಲುತ್ತದೆ.

ಈಗ ಒಂದು ನೈಟ್‌ಗೆ ಇಬ್ಬರು ಸ್ಪಿಯರ್‌ಮನ್. ಒಂದು ಸುತ್ತಿಗೆ 32. ಆರನೇ ಸೆಕೆಂಡಿಗೆ ಮೂರು ಸುತ್ತು ಮುಗಿದು 96 ಹೋಗಿರುತ್ತದೆ. ನೈಟ್ ಏಳೂಕಾಲಕ್ಕೆ ಒಬ್ಬನನ್ನು ಕೊಲ್ಲುತ್ತದೆ, ಒಂಬತ್ತನೇ ಸೆಕೆಂಡಿಗೆ ಎರಡನೆಯವನು ಉಳಿದ 4 ಎಚ್‌ಪಿಯನ್ನು ಕಿತ್ತುಕೊಳ್ಳುತ್ತಾನೆ. ಒಬ್ಬನ ಬೆಲೆ 35 ಆಹಾರ, 25 ಮರ. ಇಬ್ಬರಿಗೆ 120, ಚಿನ್ನ ಸೊನ್ನೆ. ನೈಟ್‌ಗೆ 135, ಅದರಲ್ಲಿ 75 ಚಿನ್ನ. ಲಾಭ ಇರುವುದು ಇಲ್ಲಿ. ನಿಮ್ಮ 8ಕ್ಕೆ ಎದುರು 6 ಇದ್ದವು, ಬೇಕಿದ್ದದ್ದು 12. ಕ್ಯಾಸಲ್ ಏಜ್ ತಲುಪಿದ ಮೇಲೂ ಪೈಕ್‌ಮನ್‌ಗೆ (ಸ್ಪಿಯರ್‌ಮನ್‌ನ ಮುಂದಿನ ಹಂತ) ಏರಿಸದೆ ಸ್ಪಿಯರ್‌ಮನ್‌ಗಳಲ್ಲೇ ಕಾದಾಡಿದ್ದರೆ ಅದು ಎರಡನೇ ತಪ್ಪು. ಪೈಕ್‌ಮನ್‌ಗೆ 55 ಎಚ್‌ಪಿ, ಬೋನಸ್ 22, ನೈಟನ್ನು ಕೆಡವಲು 5 ತಿವಿತ ಸಾಕು.

ಇನ್ನೊಂದು ಮಾತು. ಬುದ್ಧಿ ಇರುವ ಎದುರಾಳಿ ಈಟಿಯವರ ಜೊತೆ ಹೋರಾಡುವುದೇ ಇಲ್ಲ. ನೈಟ್‌ನ ವೇಗ 1.35, ಸ್ಪಿಯರ್‌ಮನ್‌ನದು 1.0. ಪಕ್ಕದಿಂದ ಓಡಿಹೋಗಿ ಮರ ಕಡಿಯುವವರನ್ನು ಕಡಿಯುತ್ತಾನೆ. ಈಟಿಯವರು ಕುದುರೆಯ ಹಿಂದೆ ಓಡುವುದು ವ್ಯರ್ಥ. ಅವರನ್ನು ಲಂಬರ್ ಕ್ಯಾಂಪ್, ಚಿನ್ನದ ಗಣಿ ಪಕ್ಕ ನಾಲ್ಕೈದು ಜನರಂತೆ ನಿಲ್ಲಿಸಿ, ಉಳಿದ ಕಂಡಿಗಳನ್ನು ಮರದ ಬೇಲಿಯಿಂದ ಮುಚ್ಚಿ. ಚಿನ್ನ ಇದ್ದರೆ ಇಬ್ಬರು ಮಾಂಕ್‌ಗಳೂ ಇರಲಿ. 100 ಚಿನ್ನದ ಮಾಂಕ್ ಒಂದು ನೈಟನ್ನು ಒಲಿಸಿಕೊಂಡರೆ ನಿಮಗೆ ಒಂದು ಹೆಚ್ಚು, ಅವನಿಗೆ ಒಂದು ಕಡಿಮೆ.

ಪ್ರಶ್ನೆ: ಸ್ಕರ್ಮಿಷರ್‌ನ ದಾಳಿ ಬರೀ 2. ಇಷ್ಟು ದುರ್ಬಲ ಸೈನಿಕನನ್ನು ಯಾಕಾದರೂ ಮಾಡಬೇಕು?

ಬಿಲ್ಲುಗಾರರಿಗಾಗಿ, ಬೇರೆ ಯಾವುದಕ್ಕೂ ಅಲ್ಲ. ಬಿಲ್ಲುಗಾರರ ವಿರುದ್ಧ ಅವನಿಗೆ 3 ಬೋನಸ್ ಇದೆ, ಹಾಗಾಗಿ ಒಂದು ಎಸೆತಕ್ಕೆ 5. ಆರ್ಚರ್‌ಗೆ 30 ಎಚ್‌ಪಿ, ಆರು ಎಸೆತ. ತಿರುಗಿ ಆರ್ಚರ್‌ನ ದಾಳಿ 4, ಸ್ಕರ್ಮಿಷರ್‌ನ ಬಾಣದ ಆರ್ಮರ್ 3, ತಗಲುವುದು 1. ಇವನಿಗೂ 30 ಎಚ್‌ಪಿ, 30 ಬಾಣ ಬೇಕು. ಇವನು 3 ಸೆಕೆಂಡಿಗೊಮ್ಮೆ ಎಸೆದರೂ, ಅವನು 2 ಸೆಕೆಂಡಿಗೊಮ್ಮೆ ಬಿಟ್ಟರೂ 15 ಸೆಕೆಂಡಿಗೂ 58 ಸೆಕೆಂಡಿಗೂ ಇರುವ ಅಂತರ ನೋಡಿ.

ಆದರೆ ಎದುರಾಳಿ ಫ್ಲೆಚಿಂಗ್ (100 ಆಹಾರ, 50 ಚಿನ್ನ) ಮಾಡಿಕೊಂಡರೆ ಅವನ ಬಾಣ 5 ಆಗುತ್ತದೆ, ನಿಮಗೆ ತಗಲುವುದು 1ರ ಬದಲು 2. ಒಂದೇ ಅಂಕಿಯ ಏರಿಕೆಗೆ ಸ್ಕರ್ಮಿಷರ್‌ನ ಆಯುಸ್ಸು ಅರ್ಧಕ್ಕೆ ಇಳಿಯಿತು, ಮೇಲಿಂದ ಅವನ ಬಾಣ ಒಂದು ಚೌಕ ಹೆಚ್ಚು ದೂರ ಹೋಗುತ್ತದೆ. ‘ಸ್ಕರ್ಮಿಷರ್ ಇದ್ದರೂ ಸೋತೆ’ ಅನ್ನುವವರ ಆಟವನ್ನು ಬಿಚ್ಚಿ ನೋಡಿದರೆ ಬಹುತೇಕ ಇದೇ ಸಿಗುತ್ತದೆ: ಅವನು ಬ್ಲ್ಯಾಕ್‌ಸ್ಮಿತ್ ಕಟ್ಟಿದ್ದ, ಇವರು ಕಟ್ಟಿರಲಿಲ್ಲ. ನೈಟ್ ಮೇಲೆ ಸ್ಕರ್ಮಿಷರನ್ನು ಬಿಡಲೇಬೇಡಿ. 2ರಲ್ಲಿ 2 ಕಳೆದರೆ ಸೊನ್ನೆ, ನಿಯಮದ ಪ್ರಕಾರ 1. ನೂರು ಎಸೆತಕ್ಕೆ ಒಂದು ನೈಟ್!

ಪ್ರಶ್ನೆ: ನನ್ನ ಮ್ಯಾಂಗೊನೆಲ್ ನನ್ನ ಸೈನಿಕರನ್ನೇ ಕೊಲ್ಲುತ್ತದೆ. ಇದು ದೋಷವೇ?

ದೋಷವಲ್ಲ, ಅದರ ಸ್ವಭಾವ. ಕಲ್ಲು ಬಿದ್ದ ಜಾಗದಲ್ಲಿ ಯಾರಿದ್ದರೂ ಪೆಟ್ಟು. ಕೈಕೈ ಮಿಲಾಯಿಸುವ ಸೈನಿಕರು ಮುಂದೆ ನುಗ್ಗಿದ ಕೂಡಲೇ ಮ್ಯಾಂಗೊನೆಲನ್ನು ನಿಲ್ಲಿಸಿ, ಅಥವಾ ಅಟ್ಯಾಕ್ ಗ್ರೌಂಡ್ ಗುಂಡಿಯಿಂದ ಶತ್ರುವಿನ ಹಿಂದಿನ ಸಾಲಿಗೆ ಗುರಿ ಇಡಿ. 160 ಮರ, 135 ಚಿನ್ನದ ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಬೇರೆ ಕಡೆ ನೋಡಬಾರದು.

ಪ್ರಶ್ನೆ: ಎದುರಾಳಿ ನನ್ನ ಚಿನ್ನದ ಗಣಿ ಎದುರಿಗೇ ಕ್ಯಾಸಲ್ ಕಟ್ಟಿಬಿಟ್ಟ. ಸೈನ್ಯ ಕಳಿಸಿದರೆ ಬಾಣಕ್ಕೆ ಉದುರುತ್ತದೆ.

ಏಳುವ ಮೊದಲು ನೋಡಿದ್ದರೆ ಕಟ್ಟುತ್ತಿರುವ ವಿಲೇಜರ್‌ಗಳನ್ನು ಕೊಲ್ಲುವುದೇ ಅಗ್ಗದ ದಾರಿ. 650 ಕಲ್ಲು ಸುರಿದು ಅರ್ಧಕ್ಕೆ ನಿಂತ ಕೋಟೆಗಿಂತ ದೊಡ್ಡ ನಷ್ಟ ಅವನಿಗೆ ಇಲ್ಲ. ಎದ್ದ ಮೇಲೆ ಅದಕ್ಕೆ 4800 ಎಚ್‌ಪಿ.

ಕ್ಯಾಸಲ್ ಏಜ್‌ನಲ್ಲಿ ನಿಮ್ಮ ಕೈಯಲ್ಲಿರುವುದು ಕಟ್ಟಡ ಗುದ್ದುವ ಯಂತ್ರ ರ್‍ಯಾಮ್ (160 ಮರ, 75 ಚಿನ್ನ). ಬಾಣದ ವಿರುದ್ಧ ಅದರ ಆರ್ಮರ್ 180, ಬಾಣಕ್ಕೆ ಅದು ಬಗ್ಗುವುದಿಲ್ಲ. ಆದರೆ ಕತ್ತಿ ಹಿಡಿದ ಇಬ್ಬರು ಬಂದರೂ, ವಿಲೇಜರ್‌ಗಳೇ ಗುಂಪಾಗಿ ಬಂದರೂ ಕತೆ ಮುಗಿಯಿತು. ಆದ್ದರಿಂದ ಒಂದೊಂದಾಗಿ ಬೇಡ. ಮೂರು ನಾಲ್ಕು ಒಟ್ಟಿಗೆ, ಒಳಗೆ ಪದಾತಿ ತುಂಬಿಸಿ ಕಳಿಸಿ. ಒಳಗೆ ಜನ ಇದ್ದರೆ ರ್‍ಯಾಮ್ ಓಡುವ ವೇಗವೂ ಹೆಚ್ಚು, ಕಟ್ಟಡದ ಮೇಲೆ ಗುದ್ದುವ ಬಲವೂ ಹೆಚ್ಚು. ಶತ್ರು ರ್‍ಯಾಮ್ ಕಡಿಯಲು ಹೊರಬಂದಾಗ ಅವರನ್ನು ಇಳಿಸಿ.

ಇಂಪೀರಿಯಲ್ ತಲುಪಿದರೆ ಟ್ರೆಬುಷೆ (200 ಮರ, 200 ಚಿನ್ನ). ಕ್ಯಾಸಲ್‌ನ ಬಾಣ 8 ಚೌಕ ಹೋಗುತ್ತದೆ, ಟ್ರೆಬುಷೆಯ ಕಲ್ಲು 16. ದೂರ ನಿಂತು ಹೊಡೆಯಿರಿ, ಸುತ್ತ ಪೈಕ್‌ಮನ್‌ಗಳನ್ನು ನಿಲ್ಲಿಸಿ. ಬಿಚ್ಚಿ ಹೂಡಲು, ಮಡಚಲು ಹೊತ್ತು ಹಿಡಿಯುವುದರಿಂದ ಕುದುರೆ ಬಂದಾಗ ಅದು ಓಡಲಾರದು. ಅಂದಹಾಗೆ ಇತಿಹಾಸದಲ್ಲೂ ಈ ಯಂತ್ರಕ್ಕೆ ಹೀಗೇ ಗೌರವ ಇತ್ತು: 1304ರಲ್ಲಿ ಸ್ಟರ್ಲಿಂಗ್ ಕೋಟೆಯವರು ಶರಣಾಗಲು ಒಪ್ಪಿದರೂ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ತನ್ನ ‘ವಾರ್‌ವುಲ್ಫ್’ ಟ್ರೆಬುಷೆಯನ್ನು ಪ್ರಯೋಗಿಸಿ ನೋಡುವ ತನಕ ಬಿಡಲಿಲ್ಲ.

ಪ್ರಶ್ನೆ: ಆಟ ಒಂದು ಗಂಟೆ ದಾಟಿದರೆ ಚಿನ್ನ ಪೂರ್ತಿ ಖಾಲಿ. ಮುಂದೇನು?

ಒಂದು ಚಿನ್ನದ ಗುಡ್ಡೆಯಲ್ಲಿ 800 ಇರುತ್ತದೆ, ಮುಗಿದರೆ ಮುಗಿಯಿತು. ಉಳಿದ ದಾರಿಗಳಲ್ಲಿ ಮೊದಲನೆಯದು ರೆಲಿಕ್ (ನಕ್ಷೆಯಲ್ಲಿ ಸಿಗುವ ಪವಿತ್ರ ವಸ್ತು), ಮತ್ತು ಅದನ್ನು ಒಂದು ಗಂಟೆಯ ಮೇಲೆ ನೆನೆಸಿಕೊಂಡರೆ ಪ್ರಯೋಜನ ಇಲ್ಲ. ಮಾಂಕ್ ಹೊತ್ತು ತಂದು ಮೊನಾಸ್ಟರಿಯಲ್ಲಿ ಇಟ್ಟ ಒಂದು ರೆಲಿಕ್ ನಿಮಿಷಕ್ಕೆ 30 ಚಿನ್ನ ಕೊಡುತ್ತದೆ. ಒಬ್ಬ ಗಣಿಗಾರ ಬಿಡದೆ ಅಗೆದರೂ ನಿಮಿಷಕ್ಕೆ ಸುಮಾರು 23. ರೆಲಿಕ್‌ಗೆ ಊಟ ಬೇಡ, ಜನಸಂಖ್ಯೆಯಲ್ಲಿ ಜಾಗ ಬೇಡ, ಗುಡ್ಡೆ ಖಾಲಿಯಾಗುವ ಭಯ ಇಲ್ಲ. ಕ್ಯಾಸಲ್ ಏಜ್‌ನ ಮೊದಲ ಐದು ನಿಮಿಷದಲ್ಲಿ ಮೂರು ಹಿಡಿದವನಿಗೆ ಅರ್ಧ ಗಂಟೆಯಲ್ಲಿ 2700 ಚಿನ್ನ, 36 ನೈಟ್‌ಗಳ ಚಿನ್ನ. ಮೊನಾಸ್ಟರಿ ಬಿದ್ದರೆ ರೆಲಿಕ್ ಹೊರಗೆ ಬೀಳುತ್ತದೆ, ಹಾಗಾಗಿ ಅದನ್ನು ಊರಿನ ಹಿಂದೆ ಕಟ್ಟಿ.

ಎರಡನೆಯದು ಮಾರ್ಕೆಟ್. 100 ಮರ ಮಾರಿದರೆ ಮೊದಲ ಸಲ 70 ಚಿನ್ನ. ಮಧ್ಯದ 30 ಅವರ ದಲ್ಲಾಳಿ. ಪ್ರತಿ ಮಾರಾಟಕ್ಕೂ ದರ 3ರಂತೆ ಇಳಿಯುತ್ತದೆ, ಒಂದೇ ಸರಕನ್ನು ಹತ್ತು ಸಲ ಮಾರಿದರೆ ಅರ್ಧ ಬೆಲೆಯೂ ಬರುವುದಿಲ್ಲ. ಮರ, ಆಹಾರ, ಕಲ್ಲನ್ನು ಸರದಿಯಲ್ಲಿ ಮಾರಿ. ಗಿಲ್ಡ್ಸ್ ಸಂಶೋಧಿಸಿದರೆ ದಲ್ಲಾಳಿ 15ಕ್ಕೆ ಇಳಿಯುತ್ತದೆ. ಜೊತೆಗಾರರಿರುವ ಆಟವಾದರೆ ಟ್ರೇಡ್ ಕಾರ್ಟ್‌ಗಿಂತ ಒಳ್ಳೆಯದು ಯಾವುದೂ ಇಲ್ಲ. ಎರಡು ಮಾರ್ಕೆಟ್‌ಗಳ ನಡುವಿನ ದೂರ ಹೆಚ್ಚಾದಷ್ಟೂ ಪ್ರತಿ ಸುತ್ತಿನ ಚಿನ್ನ ಹೆಚ್ಚು, ನಕ್ಷೆಯ ಮೂಲೆಯಿಂದ ಮೂಲೆಗೆ ಹಾಕಿ.

ಏನೂ ಇಲ್ಲದಿದ್ದರೆ ಆಟಗಾರರು ಟ್ರ್ಯಾಶ್ ಅನ್ನುವ ಸೈನ್ಯ: ಈಟಿಯವರು, ಸ್ಕರ್ಮಿಷರ್, ಸ್ಕೌಟ್ ಜಾತಿಯ ಕುದುರೆಗಳು. ಚಿನ್ನ ಕೇಳದ ಮೂವರು ಇವರೇ. ಕೊನೆಯ ಹತ್ತು ಚಿನ್ನ ಹಿಡಿದು ನೈಟ್‌ಗಾಗಿ ಕಾಯುತ್ತ ಕೂರುವವನಿಗಿಂತ 40 ಹಾಲ್ಬರ್ಡಿಯರ್ (ಈಟಿಯವರ ಕೊನೆಯ ಹಂತ) ಕಳಿಸಿದವನೇ ಗೆಲ್ಲುತ್ತಾನೆ.

ಪ್ರಶ್ನೆ: ವಿಲಿಯಂ ವಾಲೆಸ್ ಕ್ಯಾಂಪೇನ್‌ನ ಕೊನೆಗೆ ನಾವು ಫಾಲ್ಕಿರ್ಕ್ ಗೆಲ್ಲುತ್ತೇವೆ. ನಿಜವಾಗಿ ವಾಲೆಸ್ ಗೆದ್ದಿದ್ದನೇ?

ಇಲ್ಲ, ಸ್ಕಾಟ್ಲೆಂಡಿನ ಆ ನಾಯಕ ಸೋತ. ಕಲಿಕೆಯ ಕ್ಯಾಂಪೇನ್ (ಇತಿಹಾಸದ ಕಥೆಯ ಮೇಲೆ ಕಟ್ಟಿದ ಆಟಗಳ ಸರಣಿ) ಆದ್ದರಿಂದ ಹೊಸಬರನ್ನು ಸೋಲಿಸಿ ಮನೆಗೆ ಕಳಿಸುವುದು ಬೇಡ ಅಂದುಕೊಂಡಿರಬೇಕು. 1297ರ ಸ್ಟರ್ಲಿಂಗ್ ಸೇತುವೆಯ ಕಾಳಗ ನಿಜವಾದ ಗೆಲುವು, ಅದರಲ್ಲಿ ಆ್ಯಂಡ್ರೂ ಮೋರೆಯ ಪಾಲೂ ವಾಲೆಸ್‌ನಷ್ಟೇ ಇತ್ತು. 1298ರ ಜುಲೈ 22ರಂದು ಫಾಲ್ಕಿರ್ಕ್‌ನಲ್ಲಿ ಎಡ್ವರ್ಡ್‌ನ ಸೈನ್ಯ ಸ್ಕಾಟರನ್ನು ಮುರಿಯಿತು. 1305ರಲ್ಲಿ ವಾಲೆಸ್‌ನನ್ನು ಲಂಡನ್ನಿನಲ್ಲಿ ಕೊಂದರು.

ಆಟಗಾರರಿಗೆ ಫಾಲ್ಕಿರ್ಕ್‌ನಲ್ಲಿ ಸ್ವಾರಸ್ಯದ ವಿಷಯ ಬೇರೆ ಇದೆ. ಸ್ಕಾಟರು ಉದ್ದ ಈಟಿ ಹಿಡಿದು ದಟ್ಟವಾಗಿ ನಿಲ್ಲುವ ಶಿಲ್ಟ್ರನ್ ವ್ಯೂಹ ರಚಿಸಿದ್ದರು. ಇಂಗ್ಲಿಷ್ ಕುದುರೆ ಸವಾರರು ನುಗ್ಗಿದಾಗ ಅದು ಒಡೆಯಲಿಲ್ಲ. ಆಗ ಕುದುರೆಗಳನ್ನು ಹಿಂದೆ ಕರೆಸಿ ಬಿಲ್ಲುಗಾರರನ್ನು ಮುಂದೆ ತಂದರು; ನಿಂತಲ್ಲೇ ನಿಂತಿದ್ದ ಈಟಿಯವರ ಸಾಲು ಬಾಣಕ್ಕೆ ಸಡಿಲವಾದ ಮೇಲೆ ಕುದುರೆ ಒಳಗೆ ಹೊಕ್ಕಿತು. ಸ್ಕಾಟರ ಸ್ವಂತ ಕುದುರೆ ಪಡೆ ಅಷ್ಟು ಹೊತ್ತಿಗೆ ರಣ ಬಿಟ್ಟಿತ್ತು. ಸ್ಪಿಯರ್‌ಮನ್‌ಗೆ ಬಾಣದ ವಿರುದ್ಧ ಆರ್ಮರ್ ಸೊನ್ನೆ ಇಟ್ಟವರ ಮನಸ್ಸಿನಲ್ಲಿ ಇಂಥ ಕಾಳಗಗಳೇ ಇದ್ದಿರಬೇಕು. ಆ ಕ್ಯಾಂಪೇನ್ ಆಡುವಾಗ ಈಟಿಯವರ ಹಿಂದೆ ಒಂದು ಸಾಲು ಸ್ಕರ್ಮಿಷರ್ ಇಟ್ಟುಕೊಳ್ಳಿ.

ಪ್ರಶ್ನೆ: ಟ್ಯೂಟಾನಿಕ್ ನೈಟ್ ಆಟದಲ್ಲಿ ನಡೆದುಕೊಂಡು ಹೋಗುತ್ತಾನೆ. ಹಣ್ಸ್ ಮತ್ತು ಸ್ಪೇನಿನವರು ಒಂದೇ ನಕ್ಷೆಯಲ್ಲಿ ಹೊಡೆದಾಡುತ್ತಾರೆ. ಇತಿಹಾಸ ಅಂತ ಯಾವುದನ್ನು ನಂಬಬೇಕು?

ಕ್ಯಾಂಪೇನ್‌ಗಳ ಹೆಸರು, ಇಸವಿ, ಯಾರಿಗೂ ಯಾರಿಗೂ ಜಗಳ ಅನ್ನುವುದನ್ನು ಒಂದು ಮಟ್ಟಿಗೆ ನಂಬಬಹುದು. ಹೇಸ್ಟಿಂಗ್ಸ್ 1066, ಆ್ಯಜಿನ್‌ಕೋರ್ಟ್ 1415, ಲೆಪಾಂಟೊ 1571 ಇವೆಲ್ಲ ಸರಿ. ಸೈನಿಕರ ವಿಷಯದಲ್ಲಿ ಆಟದ ಸಮತೋಲ ಮುಂದು, ಇತಿಹಾಸ ಹಿಂದು. ನಿಜವಾದ ಟ್ಯೂಟಾನಿಕ್ ನೈಟ್‌ಗಳು ಭಾರಿ ಕುದುರೆ ಸವಾರರು. ಆಟದಲ್ಲಿ ಟ್ಯೂಟನ್ಸ್‌ಗೆ ಪ್ಯಾಲಡಿನ್ ಕುದುರೆ ಮೊದಲೇ ಇರುವುದರಿಂದ ಈ ಹೆಸರನ್ನು ಕಾಲಾಳಿಗೆ ಕೊಟ್ಟರು: ನಿಧಾನ, ಆದರೆ ಕತ್ತಿಗೆ ಜಗ್ಗದವನು. ದೂರದಿಂದ ಬಾಣ ಬಿಡುತ್ತ ಹಿಂದೆ ಸರಿದರೆ ನಿಮ್ಮನ್ನು ಮುಟ್ಟಲಾರ. ಹಣ್ಸ್ ದೊರೆ ಅಟಿಲಾ ಸತ್ತದ್ದು 453ರಲ್ಲಿ, ಸ್ಪೇನಿನ ಕೊರ್ಟೆಸ್ ಅಜ್ಟೆಕ್ ರಾಜಧಾನಿಗೆ ಕಾಲಿಟ್ಟದ್ದು 1519ರಲ್ಲಿ. ರ್‍ಯಾಂಡಮ್ ಮ್ಯಾಪ್‌ನಲ್ಲಿ ಅವರಿಬ್ಬರನ್ನು ಎದುರುಬದುರು ನಿಲ್ಲಿಸಿದರೆ ಸ್ಪೇನಿನವರು ಹಾಲ್ಬರ್ಡಿಯರ್ ಮಾಡಲಿ, ಹಣ್ಸ್ ಕಡೆಯಿಂದ ಬರುವುದು ಬಹುಪಾಲು ಕುದುರೆಯೇ.